ಹಾಕುವ ಕೈ, ಇಡುವ ಕೈ

ಕೆಲವರಿಗೆ ಬದುಕಿನಲ್ಲಿ ಒಂದಲ್ಲ ಒಂದು ಪೆಟ್ಟು ಬೀಳುತ್ತಲೇ ಇರುತ್ತದೆ. ನನ್ನದು ಉಲ್ಟಾ. ನಾನು ಹೊಡೆಯುತ್ತಲೇ ಇದ್ದೆ, ಅದು ಯಾರಿಗೋ ಬೀಳುತ್ತಲೇ ಇತ್ತು. ರೇಷ್ಮೆ ಇಲಾಖೆಯ ಡೆಮಾನ್‌ಸ್ಟ್ರೇಟರ್ ಆಗಿ ಕೋಲಾರ ಜಿಲ್ಲೆಯ ನಾಲ್ಕು ತಾಲ್ಲೂಕು ಸುತ್ತಿದವನು ನಾನು. ಹಗಲೆಲ್ಲ ರೈತರ ಮನೆಗೆ ಹೋಗಿ ಹುಳ ಸಾಕುವುದು ಹೇಗೆ ಅಂತ ಹೇಳುವುದು, ಸಾಯಂಕಾಲವಾದರೆ ಕೇರಂ. ಹೊಸ ಊರಿಗೆ ಕಾಲಿಟ್ಟ ದಿನ ಮೊದಲು ಊಟದ ಹೋಟೆಲ್ ಹುಡುಕುತ್ತಿದ್ದೆನೋ ಕೇರಂ ಬೋರ್ಡು ಹುಡುಕುತ್ತಿದ್ದೆನೋ, ದೇವರಾಣೆ ನೆನಪಿಲ್ಲ. ನನ್ನ ಬಾಳಿನಲ್ಲಿ ಆದದ್ದೆಲ್ಲ ಆ ಬೋರ್ಡಿನ ಮೇಲೇ ಆಯಿತು. ಮದುವೆ ಸಹ.

ಆಡದವರಿಗಾಗಿ ಒಂದು ಮಾತು. ಆಟ ಶುರುವಾಗುವಾಗ ಕಪ್ಪು ಬಿಳಿ ಕಾಯಿಗಳನ್ನೆಲ್ಲ ಕೆಂಪು ಕಾಯಿಯ ಸುತ್ತ ಬೋರ್ಡಿನ ನಡುವೆ ಒತ್ತಾಗಿ ಜೋಡಿಸಿರುತ್ತಾರೆ. ಮೊದಲು ಆಡುವವನು ಸ್ಟ್ರೈಕರನ್ನು ಬೆರಳಿನಿಂದ ಚಿಮ್ಮಿ ಆ ಗುಂಪನ್ನು ಒಡೆಯಬೇಕು. ಅದಕ್ಕೆ ಬ್ರೇಕ್ ಅನ್ನುತ್ತಾರೆ. ಇದರಲ್ಲಿ ಎರಡು ಮತಗಳುಂಟು. ಬಲ ಹಾಕಿ ಹೊಡೆದರೆ ಮೂಲೆಯ ಪಾಕೆಟ್ಟಿಗೆ ಒಂದಲ್ಲ ಒಂದು ಕಾಯಿ ಬಿದ್ದೇ ಬೀಳುತ್ತದೆ ಅನ್ನುವವರದು ಒಂದು ಮತ. ಬಲ ಬೇಡ, ಹದ ಬೇಕು ಅನ್ನುವವರದು ಇನ್ನೊಂದು. ನಾನು ಹುಟ್ಟಿನಿಂದ ಮೊದಲನೇ ಮತಸ್ಥ.

೧. ಕೋಲಾರದ ಕ್ಷೌರದಂಗಡಿ

ಕೋಲಾರದಲ್ಲಿ ನಾವು ಆಡುತ್ತಿದ್ದದ್ದು ಒಂದು ಸಾಮಿಲ್ಲಿನ ಪಕ್ಕದ ರೂಮಿನಲ್ಲಿ. ನಾನು ಬ್ರೇಕ್‌ಗೆ ಕೂತರೆ ಎದುರಿಗಿದ್ದವನು ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ನೋಡಲು ಬಂದವರು ಗೋಡೆಗೆ ಒರಗುತ್ತಿದ್ದರು. ಚಿನ್ನದ ಗಣಿಯ ಸೀಮೆ ನೋಡಿ, ನನಗೆ 'ಡೈನಮೈಟ್' ಅಂತ ಹೆಸರಿಟ್ಟರು. ನಾನದನ್ನು ಬಿರುದು ಅಂದುಕೊಂಡು ಮೀಸೆ ಸ್ವಲ್ಪ ದಪ್ಪಗೆ ಬಿಟ್ಟೆ.

ಒಂದು ಭಾನುವಾರ ಬೆಳಿಗ್ಗೆ ಹೊಡೆದ ಹೊಡೆತಕ್ಕೆ ಕಾಯಿಗಳು ಬೋರ್ಡಿನಲ್ಲೇ ಉಳಿದವು, ಸ್ಟ್ರೈಕರ್ ಮಾತ್ರ ಎದ್ದು ಕಿಟಕಿಯಿಂದ ಹೊರಗೆ ಹೋಯಿತು. ಎಲ್ಲರೂ ಬಗ್ಗಿ ಮೋರಿಯಲ್ಲಿ ಹುಡುಕುತ್ತಿದ್ದೇವೆ, ಅಷ್ಟರಲ್ಲಿ ಎದುರು ಕ್ಷೌರದಂಗಡಿಯವನು ರಸ್ತೆ ದಾಟಿ ಬಂದ. ಒಂದು ಕೈಯಲ್ಲಿ ನಮ್ಮ ಸ್ಟ್ರೈಕರು, ಇನ್ನೊಂದು ಕೈಯಲ್ಲಿ ಬಿಚ್ಚಿದ ರೇಜರು. ಅವನ ಹಿಂದೆ ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡ ಗಿರಾಕಿ.

ನಾನು ಗಾಬರಿಯಿಂದ, "ಯಾರಿಗಾದ್ರೂ ತಗುಲ್ತೇನಪ್ಪಾ?" ಅಂದೆ.

"ತಗುಲ್ಲಿಲ್ಲ ಸ್ವಾಮಿ. ಕನ್ನಡಿ ಹೋಯ್ತು ಅಷ್ಟೆ," ಅಂದ ಅವನು, ಸ್ವಲ್ಪವೂ ಸಿಟ್ಟಿಲ್ಲದೆ. "ಆದ್ರೆ ಇನ್ನೊಂದ್ಸಲ ಹೊಡಿಯೋ ಮುಂಚೆ ಒಂದು ಕೂಗು ಹಾಕಿ. ರೇಜರು ಗಂಟಲ ಮೇಲೆ ಇರ್ತದೆ."

ಕನ್ನಡಿ ಕೊಡಿಸಿದೆ. ಅಂದಿನಿಂದ ನಾನು ಬ್ರೇಕ್ ಮಾಡುವ ಮೊದಲು ಒಬ್ಬರು ಕಿಟಕಿಯಲ್ಲಿ ನಿಂತು "ಡೈನಮೈಟ್!" ಅಂತ ಕೂಗುವುದು ವಾಡಿಕೆಯಾಯಿತು. ಎದುರಂಗಡಿಯಲ್ಲಿ ರೇಜರು ಮೇಲೇಳುತ್ತಿತ್ತು, ನಾನು ಹೊಡೆಯುತ್ತಿದ್ದೆ, ಆಮೇಲೆ ಕ್ಷೌರ ಮುಂದುವರಿಯುತ್ತಿತ್ತು. ಒಂದು ದಿನ ನಾನು ಸುಗಟೂರಿಗೆ ಕ್ಯಾಂಪ್ ಹೋಗಿದ್ದಾಗ ಒಬ್ಬ ಗಿರಾಕಿ, "ಇನ್ನೂ ಕೂಗಿಲ್ಲ, ಶುರು ಮಾಡ್ಬೇಡ ಕಣಪ್ಪಾ," ಅಂತ ಅರ್ಧ ಗಂಟೆ ಗಡ್ಡ ಕೊಡದೆ ಕೂತಿದ್ದನಂತೆ.

೨. ಶ್ರೀನಿವಾಸಪುರದ ಪರೀಕ್ಷೆ

ಆ ವರ್ಷ ಶ್ರಾವಣದಲ್ಲಿ ನನ್ನ ಸೋದರಮಾವ ಶ್ರೀನಿವಾಸಪುರದಲ್ಲೊಂದು ಹೆಣ್ಣು ನೋಡಿದರು. ಹುಡುಗಿಯ ತಂದೆಗೆ ಮಾವಿನ ಮಂಡಿ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಲೆಕ್ಕ ಹಾಕುವಾಗ ಎರಡೂ. ಹುಡುಗಿ ಕಾಫಿ ತಂದಳು, ಲೋಟ ಇಟ್ಟಳು, ತಲೆಯೆತ್ತಿ ಒಂದು ಸಲ ನೋಡಿದಳು, ಒಳಗೆ ಹೋದಳು. ಅಷ್ಟೇ. ಅಷ್ಟರಲ್ಲೇ ನಾನು ಮದುವೆಯಾದರೆ ಇವಳನ್ನೇ ಅಂತ ತೀರ್ಮಾನಿಸಿಬಿಟ್ಟೆ. ಕಾಫಿಗೆ ಸಕ್ಕರೆ ಹಾಕಿದ್ದರೋ ಇಲ್ಲವೋ ಗೊತ್ತಾಗಲಿಲ್ಲ.

ಸಂಬಳ, ಜಾತಕ, ಊರು ಎಲ್ಲ ಕೇಳುತ್ತಾರೆ ಅಂತ ಕಾದು ಕೂತೆ. ಮಂಡಿಯವರು ಏನೂ ಕೇಳಲಿಲ್ಲ. ಒಳಗಿನಿಂದ ಕೇರಂ ಬೋರ್ಡು ತರಿಸಿ ನನ್ನ ಮುಂದೆ ಇಟ್ಟರು.

"ಒಂದು ಬ್ರೇಕ್ ಹೊಡೀರಿ, ನೋಡೋಣ."

ಸೋದರಮಾವ ತಬ್ಬಿಬ್ಬಾದರು. ಮಂಡಿಯವರು ವಿವರಿಸಿದರು: "ನಮ್ಮ ಮಂಡಿಗೆ ಆಳು ತಗೊಳ್ಳೋವಾಗ ನಾನು ಊರು ಕೇರಿ ಕೇಳಲ್ಲ. ಹಣ್ಣು ಬುಟ್ಟಿ ತುಂಬೋ ಕೈ ನೋಡ್ತೀನಿ. ಹಣ್ಣು ಹಾಕೋ ಕೈ ಬೇಡ, ಹಣ್ಣು ಇಡೋ ಕೈ ಬೇಕು. ಹಾಕಿದ ಹಣ್ಣು ಮೂರೇ ದಿನಕ್ಕೆ ಕಪ್ಪಾಗುತ್ತೆ. ಅಳಿಯಂದ್ರನ್ನ ಕರ್ಕೊಂಡೋಗಿ ಬುಟ್ಟಿ ತುಂಬಿ ಅನ್ನೋಕಾಗುತ್ತಾ? ಅದಕ್ಕೇ ಇದು."

ಎಷ್ಟು ಸ್ಪಷ್ಟವಾಗಿ ಹೇಳಿದರು ನೋಡಿ! ಕಿವಿ ಕೇಳದವನಿಗೂ ಅರ್ಥವಾಗಬೇಕಿತ್ತು. ಆದರೆ ನನ್ನ ಕಿವಿಗೆ ಬಿದ್ದದ್ದು 'ಬ್ರೇಕ್ ಹೊಡೀರಿ' ಅನ್ನುವುದು ಮಾತ್ರ. ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು. ಹುಡುಗಿ ನೋಡುತ್ತಿದ್ದಾಳೆ ಅಂತ ಗೊತ್ತಾದ ಮೇಲೆ ಕೋಲಾರದ ಡೈನಮೈಟ್ ಸುಮ್ಮನಿರುತ್ತದೆಯೇ? ತೋಳು ಮಡಿಸಿಕೊಂಡು, ಉಸಿರು ಬಿಗಿಹಿಡಿದು ಹೊಡೆದೆ. ಸ್ಟ್ರೈಕರ್ ಎದ್ದು ಹೋಗಿ ಗೋಡೆಯ ಮೇಲಿದ್ದ ಪೇಟದ ಹಿರಿಯರ ಫೋಟೋಗೆ ಬಡಿಯಿತು. ಗಾಜು ಚೂರು ಚೂರಾಗಿ ಕೆಳಗೆ ಬಿತ್ತು.

"ಅಯ್ಯೋ, ಮತ್ತೆ!" ಅಂದರು ಮಂಡಿಯವರು.

ಬಾಗಿಲ ಮರೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. 'ಮತ್ತೆ' ಯಾಕಂದರು ಅಂತ ನನಗೆ ತಿಳಿಯಲಿಲ್ಲ, ಕೇಳುವ ಮುಖವೂ ಇರಲಿಲ್ಲ.

ಸೋದರಮಾವ ಎಷ್ಟು ಸಲ ಕ್ಷಮೆ ಕೇಳಿದರೋ! ಕೊನೆಗೆ ಮಂಡಿಯವರೇ ಮನಸ್ಸು ಕರಗಿ, "ಹುಡುಗ ಒಳ್ಳೆಯವನು, ಕೈ ಪಳಗಿಲ್ಲ," ಅಂದರು. "ಮುಂದಿನ ವರ್ಷ ಮಾವು ಹೂ ಬಿಟ್ಟು, ಕಾಯಾಗಿ, ಮೊದಲ ಲಾರಿ ಮಂಡಿಗೆ ಬರೋವರ್ಗೂ ಟೈಮು. ಆಮೇಲೆ ನನಗೆ ತಲೆ ಕೆರೆದುಕೊಳ್ಳೋಕೂ ಪುರುಸೊತ್ತಿರಲ್ಲ. ಅಷ್ಟ್ರಲ್ಲಿ ಕೈ ಸರಿಯಾದ್ರೆ ಬನ್ನಿ. ಇಲ್ದಿದ್ರೆ ಬೇರೆ ಕಡೆ ನೋಡ್ತೀವಿ."

ಬಸ್ಸಿನಲ್ಲಿ ಸೋದರಮಾವ ಕೋಲಾರದವರೆಗೂ ಕಿಟಕಿಯ ಹೊರಗೇ ನೋಡುತ್ತ ಕೂತರು. ಇಳಿಯುವಾಗ ಇಷ್ಟೇ ಅಂದರು: "ಲೇ, ಹೆಣ್ಣು ನೋಡೋಕೆ ಹೋಗಿ ಹೆಣ್ಣಿನ ತಾತನ್ನ ಹೊಡೆದು ಬಂದೋನು ನೀನೊಬ್ಬನೇ ಕಣೋ."

೩. ಮಾಲೂರಿನ ಪ್ರೆಸ್ಸಿನವನು

ದೀಪಾವಳಿ ಹೊತ್ತಿಗೆ ನನ್ನನ್ನು ಮಾಲೂರಿಗೆ ಹಾಕಿದರು. ಹದ ಕಲಿಯಬೇಕು ಅಂತ ಶಪಥ ಮಾಡಿ ಹೋದವನು, ಹೋಗಿ ಸೇರಿದ್ದು ಒಂದು ಹೆಂಚಿನ ಕಾರ್ಖಾನೆಯವರ ಬೋರ್ಡಿಗೆ. ಅಲ್ಲೊಬ್ಬನಿದ್ದ. ಹಗಲೆಲ್ಲ ಹೆಂಚೊತ್ತುವ ಪ್ರೆಸ್ಸಿನ ಹಿಡಿ ಎಳೆಯುವ ಕೆಲಸ. ತೋಳು ನನ್ನ ತೊಡೆಯಷ್ಟಿತ್ತು. ಅವನು ಬ್ರೇಕ್‌ಗೆ ಕೂತರೆ ನಾಲ್ಕು ಜನ ಬೋರ್ಡಿನ ನಾಲ್ಕು ಮೂಲೆ ಅದುಮಿ ಹಿಡಿಯುತ್ತಿದ್ದರು, ಎತ್ತಿಗೆ ಲಾಳ ಕಟ್ಟುವಾಗ ಹಿಡಿದ ಹಾಗೆ.

ಅವನ ಬ್ರೇಕ್ ನೋಡಿದ ಮೊದಲ ದಿನ ನನ್ನ ಬಿರುದನ್ನು ನಾನೇ ವಾಪಸ್ ಕೊಟ್ಟುಬಿಟ್ಟೆ. ಸದ್ದು ಅಂದರೆ ಅದು ಸದ್ದು! ಕಾಯಿಗಳೆಲ್ಲ ಬೋರ್ಡಿನ ನಾಲ್ಕೂ ಅಂಚು ಮುಟ್ಟಿ, ಅಷ್ಟೇ ವೇಗವಾಗಿ ವಾಪಸ್ ಬಂದು ನಡುವೆ ಗುಂಪುಕಟ್ಟಿ ನಿಂತವು. ಬಿದ್ದದ್ದು ಒಂದೂ ಇಲ್ಲ. ಸ್ಟ್ರೈಕರ್ ಮಾತ್ರ ಪಾಕೆಟ್ಟಿಗೆ ಬಿದ್ದು ಅವನಿಗೇ ದಂಡ. ಅವನು ತೃಪ್ತಿಯಿಂದ ಕೈ ಒರೆಸಿಕೊಂಡು ಬೀಡಿ ಹಚ್ಚಿದ. ಎರಡು ತಿಂಗಳು ನೋಡಿದೆ, ಆ ಮನುಷ್ಯ ಬ್ರೇಕ್‌ನಲ್ಲಿ ಒಂದು ಕಾಯಿ ಹಾಕಿದ್ದು ಕಾಣಲಿಲ್ಲ. ಆದರೂ ಬ್ರೇಕ್ ಅವನಿಗೇ ಬಿಡುತ್ತಿದ್ದರು.

ತಡೆಯಲಾರದೆ ಕೇಳಿದೆ: "ಅಲ್ಲಪ್ಪಾ, ಒಂದೂ ಬೀಳಲ್ಲ, ಮೇಲೆ ದಂಡ ಬೇರೆ. ಸ್ವಲ್ಪ ಮೆಲ್ಲಗೆ ಹೊಡೆದು ನೋಡಬಾರ್ದಾ?"

"ಬೀಳ್ಲಿ ಅಂತ ಯಾರು ಹೊಡೀತಾರೆ ಸಾರ್?" ಅಂದ. "ದಿನಕ್ಕೆ ಅಷ್ಟೊಂದು ಹೆಂಚು ಒತ್ತುತೀನಿ. ಹಸಿ ಮಣ್ಣು, ಪಿಟ್ ಅನ್ನಲ್ಲ. ಬೆಳಗಿಂದ ಸಾಯಂಕಾಲದವರೆಗೆ ಇಷ್ಟು ಬಲ ಹಾಕಿದ್ದಕ್ಕೆ ಒಂದು ಸದ್ದಾದ್ರೂ ಕೇಳ್ಬೇಡ್ವಾ?"

ಆ ಮಾತು ಕೇಳಿ ನನಗೆ ಅವನ ಮೇಲೆ ಪ್ರೀತಿಯೇ ಬಂತು. ನಾನು ಯಾಕೆ ಅಷ್ಟು ಜೋರಾಗಿ ಹೊಡೆಯುತ್ತೇನೆ ಅಂತ ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿರಲಿಲ್ಲ. ಹುಳ ಎಲೆ ತಿನ್ನುವ ಸದ್ದು ಬಿಟ್ಟರೆ ನನ್ನ ಕೆಲಸದಲ್ಲೂ ಸದ್ದಿಲ್ಲ. ಅವನಿಗೆ ನನ್ನ ಮದುವೆಯ ಕಷ್ಟ ಹೇಳಿಕೊಂಡೆ. ಅವನು ಬಹಳ ಯೋಚಿಸಿ ಒಂದು ಉಪಾಯ ಕೊಟ್ಟ.

"ಆ ಫೋಟೋ ಗೋಡೆಯಿಂದ ತೆಗೆಸಿಬಿಡಿ ಸಾರ್. ಆಮೇಲೆ ಹೊಡೀರಿ."

೪. ಮುಳಬಾಗಿಲಿನ ಸಾಬರು

ಸಂಕ್ರಾಂತಿ ಕಳೆದ ಮೇಲೆ ಮುಳಬಾಗಿಲಿಗೆ ಬಂದೆ. ದಾರಿಯುದ್ದಕ್ಕೂ ಮಾವು ಹೂ ಬಿಟ್ಟಿತ್ತು. ಬೇರೆಯವರಿಗೆ ಅದು ಪರಿಮಳ, ನನಗೆ ನೋಟೀಸು.

ಅಲ್ಲಿ ಗೂಡಿನಿಂದ ನೂಲು ತೆಗೆಯುವ ಸಾಬರೊಬ್ಬರಿದ್ದರು. ಕುದಿಯುವ ನೀರಿನಲ್ಲಿ ಬೆರಳಾಡಿಸಿ, ಕಣ್ಣಿಗೆ ಕಾಣದ ಎಳೆಯ ತುದಿ ಹಿಡಿದು ಚರಕಕ್ಕೆ ಕೊಡುತ್ತಿದ್ದರು. ಕೆಲಸ ಮುಗಿದ ಮೇಲೆ ಅದೇ ಅಂಗಳದಲ್ಲಿ ಕೇರಂ. ಆ ಬೆಂದ ಬೆರಳಿನಿಂದ ಅವರು ಮಾಡುತ್ತಿದ್ದ ಬ್ರೇಕನ್ನು ನಾನು ಸಾಯುವವರೆಗೆ ಮರೆಯಲಾರೆ. ಮಗುವಿನ ಕೆನ್ನೆ ತಟ್ಟಿದಷ್ಟೇ ಸದ್ದು. ಒಂದು ಕಾಯಿ ನೆಟ್ಟಗೆ ಹೋಗಿ ಬೀಳುತ್ತಿತ್ತು. ಉಳಿದವು ಇಷ್ಟಿಷ್ಟೇ ಸಡಿಲವಾಗಿ, ಮುಂದಿನ ಹೊಡೆತಕ್ಕೆ ಅವರು ಹೇಳಿದ ಜಾಗದಲ್ಲಿ ನಿಲ್ಲುತ್ತಿದ್ದವು.

"ಜೋರಾಗಿ ಎಳೆದ್ರೆ ಎಳೆ ತುಂಡಾಗ್ತದೆ ಸಾಬ್. ಎಳೀದೇ ಇದ್ರೆ ಗೂಡು ಬಿಚ್ಚಲ್ಲ. ಕೇರಂ ಬೇರೆ ಏನೂ ಅಲ್ಲ," ಅನ್ನುತ್ತಿದ್ದರು.

ನಾನು ಇಲಾಖೆಯವನು, ಅವರಿಗೆ ಉಪದೇಶ ಮಾಡಬೇಕಾದವನು. ಅವರೆದುರು ಹದಿನೈದು ದಿನ ಸತತವಾಗಿ ಸೋತೆ. ಕೊನೆಗೆ ಬುದ್ಧಿ ಕೆಟ್ಟು ಒಂದು ಕಿತಾಪತಿ ಮಾಡಿದೆ. ಬೋರ್ಡು ಜಾರಲಿ ಅಂತ ಬೋರಿಕ್ ಪೌಡರ್ ಹಾಕುತ್ತೇವಲ್ಲ, ಅದರ ಡಬ್ಬಿಗೆ ನನ್ನ ರೂಮಿನ ರಾಗಿ ಹಿಟ್ಟು ಬೆರೆಸಿದೆ. ರಾಗಿ ಹಿಟ್ಟಿನ ಮೇಲೆ ಮೆಲ್ಲಗೆ ಹೊಡೆದ ಸ್ಟ್ರೈಕರ್ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ, ಬಲ ಇದ್ದವನೇ ಗೆಲ್ಲುತ್ತಾನೆ ಅನ್ನುವುದು ನನ್ನ ಲೆಕ್ಕ.

ಸಾಬರು ಪುಡಿ ಉದುರಿಸಿದರು, ಬೋರ್ಡಿನ ಬಣ್ಣ ನೋಡಿದರು, ನನ್ನ ಮುಖ ನೋಡಿದರು. ಬೆರಳಿನಿಂದ ಒಂದಿಷ್ಟು ತೆಗೆದು ನಾಲಿಗೆಗೆ ಹಚ್ಚಿಕೊಂಡರು.

"ಹುರಿದಿಲ್ಲ," ಅಂದರು ಶಾಂತವಾಗಿ. "ರಾಗಿ ಹುರಿದು ಬೀಸಿದ್ರೆ ಇನ್ನೂ ನಯ ಬರ್ತಿತ್ತು ಸಾಬ್."

ಆಮೇಲೆ ಲುಂಗಿಯ ಅಂಚಿನಿಂದ ಬೋರ್ಡಿನ ಮೇಲೆ ಬೆರಳಗಲದ ಒಂದೇ ಒಂದು ದಾರಿ ಒರೆಸಿ, ಆ ದಾರಿಯಲ್ಲೇ ಸ್ಟ್ರೈಕರ್ ಕಳಿಸಿ ಕಾಯಿ ಹಾಕಿದರು. ನಾನು ಅಲ್ಲಿಯೇ ಕೈಮುಗಿದೆ. ಹೆಣ್ಣು ನೋಡಿದ್ದು, ಫೋಟೋ ಒಡೆದದ್ದು, ಮಾವಿನ ವಾಯಿದೆ ಎಲ್ಲ ಹೇಳಿ, "ಕಲಿಸಿಕೊಡಿ ಸಾಬ್ರೇ," ಅಂದೆ.

ಅವರು ಬಹಳ ಹೊತ್ತು ನಕ್ಕರು. "ಒಂದು ತಿಂಗಳು ನೀವು ಹೊಡೀಬೇಡಿ. ನಾನು ಹೊಡೀತೀನಿ, ನೀವು ಹಿಡೀರಿ."

"ಏನು ಹಿಡೀಬೇಕು?"

"ಸ್ಟ್ರೈಕರು. ಇಷ್ಟು ವರ್ಷ ನೀವು ಹೊಡೆದದ್ದು ಎದುರಿನವರಿಗೆ ಎಷ್ಟು ನೋವಾಯ್ತು ಅಂತ ನಿಮ್ಮ ಕೈಗೆ ತಿಳೀಬೇಕಲ್ಲ? ತಿಳಿದ ಕೈ ಆಮೇಲೆ ತಾನೇ ಮೆಲ್ಲಗಾಗ್ತದೆ."

ಒಂದು ತಿಂಗಳು ಹಾಗೇ ನಡೆಯಿತು. ನನ್ನ ಬಲಗೈಯಲ್ಲಿ ತುಂಬಿದ ಟೀ ಲೋಟ. ಅವರು ಬೇಕೆಂದೇ ಸ್ಟ್ರೈಕರ್ ಎಬ್ಬಿಸಿ ಒಮ್ಮೆ ಮೂಗಿನ ನೇರಕ್ಕೆ, ಒಮ್ಮೆ ಕಿವಿಯ ಪಕ್ಕಕ್ಕೆ, ಒಮ್ಮೆ ತಲೆಯ ಮೇಲಕ್ಕೆ ಬಿಡುವರು. ನಾನು ಎಡಗೈಯಲ್ಲಿ ಹಿಡಿಯಬೇಕು, ಟೀ ಚೆಲ್ಲಬಾರದು. ಮೊದಲ ವಾರ ಹಣೆ ಊದಿತು, ಎರಡನೇ ವಾರ ಅಂಗಿಯೆಲ್ಲ ಟೀ. ಅವರ ಬೇಗಂ ಒಳಗಿನಿಂದಲೇ, "ಸರ್ಕಾರದವರು ಅವರು, ಹೆಚ್ಚುಕಮ್ಮಿ ಆದ್ರೆ ನಮ್ಮ ಚರಕ ಎತ್ಕೊಂಡ್ ಹೋಗ್ತಾರೆ ನೋಡಿ!" ಅಂತ ಕೂಗುತ್ತಿದ್ದರು.

ನಾಲ್ಕನೇ ವಾರ ಮಾತಾಡುತ್ತ ಮಾತಾಡುತ್ತ ಹಿಡಿಯುವಷ್ಟಾದೆ. ಆಗ ಸಾಬರು ಸ್ಟ್ರೈಕರನ್ನು ನನ್ನ ಕೈಗೆ ಕೊಟ್ಟು, "ಈಗ ಹೊಡೀರಿ," ಅಂದರು. ಹೊಡೆದೆ. ಬಲ ಹಾಕಬೇಕು ಅಂತ ಬೆರಳಿಗೆ ಅನ್ನಿಸಲೇ ಇಲ್ಲ. ಒಂದು ಕಪ್ಪು ಕಾಯಿ ಸದ್ದಿಲ್ಲದೆ ಪಾಕೆಟ್ಟಿಗೆ ಇಳಿಯಿತು. ನನ್ನ ಕಣ್ಣಲ್ಲಿ ನೀರು ಬಂತು. ಸಾಬರು ನನ್ನ ಬೆನ್ನು ತಟ್ಟಿ ಒಳಗೆ ಕೂಗಿದರು:

"ಇನ್ಮೇಲೆ ಕೊಟ್ಟ ಟೀ ಚೆಲ್ಲಲ್ಲ ಕಣೇ, ಕುಡೀತಾರೆ!"

೫. ಮತ್ತೆ ಶ್ರೀನಿವಾಸಪುರ

ನಾನೂ ಸೋದರಮಾವನೂ ಶ್ರೀನಿವಾಸಪುರದಲ್ಲಿ ಬಸ್ಸಿಳಿದಾಗ ಮಂಡಿಯ ಮುಂದೆ ಹಮಾಲರು ಬುಟ್ಟಿ ಜೋಡಿಸುತ್ತಿದ್ದರು. ಮೊದಲ ಲಾರಿ ಸಾಯಂಕಾಲಕ್ಕೆ ಬರುತ್ತದೆ ಅಂದರು. ಸೋದರಮಾವ, "ತಾತನ ಕಡೆ ನೋಡ್ಬೇಡ ಕಣೋ, ಬೋರ್ಡಿನ ಕಡೆ ನೋಡು," ಅಂತ ದಾರಿಯುದ್ದಕ್ಕೂ ಜಪ ಮಾಡುತ್ತ ಬಂದರು.

ಅದೇ ಪಡಸಾಲೆ, ಅದೇ ಬೋರ್ಡು. ಗೋಡೆಯ ಮೇಲೆ ಅದೇ ಹಿರಿಯರು, ಹೊಸ ಗಾಜಿನ ಹಿಂದೆ. ಹುಡುಗಿ ಕಾಫಿ ತಂದಿಟ್ಟಳು. ಈ ಸಲ ಎರಡು ಸಲ ನೋಡಿದಳು. ಮಂಡಿಯವರು ಕೈಗೆ ಲೋಟ ತೆಗೆದುಕೊಂಡು, "ಊಂ, ಹೊಡೀರಿ," ಅಂದರು.

ಸಾಬರನ್ನು ನೆನೆದೆ. ಕಣ್ಣು ಮುಚ್ಚಿ ತೆರೆದೆ. ಸ್ಟ್ರೈಕರ್ ಹೋಯಿತು, ಕಪ್ಪು ಕಾಯಿ ಒಂದು ಮೆಲ್ಲಗೆ ಪಾಕೆಟ್ಟಿನ ಅಂಚಿಗೆ ಬಂದು, ಒಳಗಿಳಿಯಿತು. ಗುಂಪು ಇಷ್ಟಿಷ್ಟೇ ಸಡಿಲಾಯಿತು.

"ಇಟ್ಟ!" ಅಂದರು ಮಂಡಿಯವರು. "ನೋಡಿ, ಹಾಕಲಿಲ್ಲ. ಇಟ್ಟ!"

ಸೋದರಮಾವ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. ನಾನು ನನ್ನ ಕಾಫಿ ಲೋಟ ಕೈಗೆತ್ತಿಕೊಂಡೆ. ಆದರೆ ಬಾಗಿಲ ಹತ್ತಿರದಿಂದ ಹುಡುಗಿಯ ಧ್ವನಿ ಬಂತು.

"ಇದೇನಪ್ಪಾ, ಕೇರಂ ಆಡ್ತಿದಾರೋ, ಮಗು ಮಲಗಿಸ್ತಿದಾರೋ? ಹೋದ್ಸಲಾನೇ ಚೆನ್ನಾಗಿತ್ತು."

ಹತ್ತು ತಿಂಗಳ ತಪಸ್ಸು, ಟೀ ಬಿದ್ದ ಅಂಗಿಗಳು, ಊದಿದ ಹಣೆ ಎಲ್ಲ ಕಣ್ಣ ಮುಂದೆ ಬಂತು. ಅಪ್ಪನಿಗೆ ಬೇಕಾದದ್ದು ಕಲಿತು ಬಂದೆ, ಮಗಳಿಗೆ ಬೇಕಾಗಿದ್ದದ್ದನ್ನು ಮುಳಬಾಗಿಲಲ್ಲಿ ಬಿಟ್ಟು ಬಂದೆ!

ಅಷ್ಟರಲ್ಲಿ ಅವಳೇ ಹೊರಗೆ ಬಂದಳು. "ಒಂದ್ಸಲ ನಾನೂ ಹೊಡೀತೀನಪ್ಪಾ."

"ವದ್ದಮ್ಮಾ, ಬೇಡ ಕಣೇ!" ಅಂತ ಮಂಡಿಯವರು ಎದ್ದರು. ಅವರು ಓಡಿದ್ದು ಮಗಳ ಕಡೆಗಲ್ಲ, ಫೋಟೋದ ಕಡೆಗೆ. ಅವರ ಕೈ ಮೊಳೆ ಮುಟ್ಟುವ ಮೊದಲೇ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಯಿಗಳನ್ನು ನಡುವಿಗೆ ಬಾಚಿ, ಹೊಡೆದೇಬಿಟ್ಟಳು. ಮಾಲೂರಿನ ಪ್ರೆಸ್ಸಿನವನು ಆ ಸದ್ದು ಕೇಳಿದ್ದರೆ ಕಣ್ಣೀರು ಹಾಕುತ್ತಿದ್ದ. ಸ್ಟ್ರೈಕರ್ ಬೋರ್ಡು ಬಿಟ್ಟೆದ್ದು, ಸದ್ದಿಗೆ ತಿರುಗಿದ ಅವಳ ತಂದೆಯ ಹಣೆಯ ನೇರಕ್ಕೆ ಹೊರಟಿತು.

ಆಮೇಲೆ ಏನಾಯಿತು ಅಂತ ನನಗೇ ಸರಿಯಾಗಿ ಗೊತ್ತಿಲ್ಲ. ನೋಡಿದರೆ ಸ್ಟ್ರೈಕರ್ ನನ್ನ ಎಡಗೈಯಲ್ಲಿತ್ತು. ಬಲಗೈಯಲ್ಲಿ ಕಾಫಿ ಲೋಟ ಹಾಗೇ ಇತ್ತು. ಒಂದು ತೊಟ್ಟೂ ಚೆಲ್ಲಿರಲಿಲ್ಲ.

ಮಂಡಿಯವರು ತಮ್ಮ ಹಣೆ ಮುಟ್ಟಿ ನೋಡಿಕೊಂಡರು, ಫೋಟೋದ ಗಾಜು ಮುಟ್ಟಿ ನೋಡಿದರು, ಬಂದು ನನ್ನ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಮ್ಮಪ್ಪನ ಗಾಜು ನಾಲ್ಕು ಸಲ ಒಡೆದಿದೆ," ಅಂದರು. "ನೀವು ಒಡೆದದ್ದು ಒಂದೇ ಸಲ. ಮಿಕ್ಕ ಮೂರೂ ಇವಳದೇ. ಎರಡು ಡೈನಮೈಟು ಒಂದೇ ಮನೇಲಿದ್ರೆ ಆ ಮನೆ ಉಳಿಯುತ್ತಾ? ಅದಕ್ಕೇ ಇಡೋ ಕೈ ಹುಡುಕ್ತಿದ್ದೆ. ಹಿಡಿಯೋ ಕೈ ಒಂದಿದೆ ಅಂತ ನನಗೆ ಹೊಳೆದಿರ್ಲಿಲ್ಲ."

ಮಗಳ ಕಡೆ ತಿರುಗಿ, "ಏಮೇ, ಏನಂತೀಯಾ?" ಅಂದರು.

ಅವಳು ನನ್ನ ಮುಷ್ಟಿಯನ್ನೇ ನೋಡುತ್ತಿದ್ದಳು. "ನೋವಾಯ್ತಾ?" ಅಂತ ಕೇಳಿದಳು. ನನ್ನ ಜೊತೆ ಅವಳು ಆಡಿದ ಮೊದಲ ಮಾತು ಅದು. ಬೆರಳೆಲ್ಲ ಉರಿಯುತ್ತಿತ್ತು. ನಾನು, "ಇಲ್ಲ," ಅಂದೆ. ಸಂಸಾರದ ಮೊದಲ ಸುಳ್ಳು ಮದುವೆಗೆ ಮುಂಚೆಯೇ ಹೇಳಿಯಾಯಿತು.

ಸಾಯಂಕಾಲ ಲಾರಿ ಬಂತು, ಅದೇ ಲಾರಿಯ ಹಣ್ಣಿನಿಂದ ನಿಶ್ಚಿತಾರ್ಥದ ತಟ್ಟೆ ತುಂಬಿತು. ಮದುವೆಗೆ ಸಾಬರು ಬೇಗಂ ಜೊತೆ ಬಂದಿದ್ದರು. ಮಾಲೂರಿನವನು ಬಂದವನೇ ಹುಡುಗಿಯ ಬ್ರೇಕ್ ಒಂದು ಸಲ ನೋಡಬೇಕು ಅಂತ ಹಟ ಹಿಡಿದ. ನೋಡಿ, ಹಸೆಮಣೆಯ ಮುಂದೆ ಅಡ್ಡಬಿದ್ದ.

ಇದೆಲ್ಲ ಆಗಿ ವರ್ಷಗಳಾದವು. ಈಗಲೂ ಸಾಯಂಕಾಲ ನಾವಿಬ್ಬರೂ ಆಡುತ್ತೇವೆ. ಬ್ರೇಕ್ ಯಾವಾಗಲೂ ಅವಳದೇ, ಎದ್ದ ಸ್ಟ್ರೈಕರ್ ಹಿಡಿಯುವುದು ನನ್ನದು. ಅವಳ ಕೈಗೆ ದಣಿವು ಅನ್ನುವುದೇ ಇಲ್ಲ, ಎಷ್ಟು ಸಲ ನೋಡಿದರೂ ನನಗೆ ಹೆಮ್ಮೆ ಮುಗಿಯುವುದಿಲ್ಲ. ಆದರೂ ಮೊನ್ನೆ ಬೆರಳು ನೀವಿಕೊಳ್ಳುತ್ತ ಕೇಳಿಯೇಬಿಟ್ಟೆ:

"ಅಲ್ಲ ಕಣೇ, ನನಗೂ ವಯಸ್ಸಾಗ್ತಾ ಬಂತು. ಒಂದ್ಸಲ ಆದ್ರೂ ಮೆಲ್ಲಗೆ ಹೊಡೆಯೋಕೆ ಬರಲ್ವಾ ನಿಂಗೆ?"

"ಯಾಕೆ ಬರಲ್ಲ?" ಅಂದಳು. ಅಂದವಳೇ ಸ್ಟ್ರೈಕರ್ ಇಟ್ಟು ಬೆರಳು ತಾಗಿಸಿದಳು. ಥೇಟ್ ಸಾಬರ ಬ್ರೇಕು. ಒಂದು ಕಪ್ಪು ಕಾಯಿ ಸದ್ದಿಲ್ಲದೆ ಪಾಕೆಟ್ಟಿಗೆ ಇಳಿಯಿತು, ಉಳಿದವು ಇಷ್ಟಿಷ್ಟೇ ಸಡಿಲಾದವು.

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ಯಾವಾಗ ಕಲಿತೆ?"

"ಚಿಕ್ಕೋಳಿದ್ದಾಗ್ಲೇ. ನಮ್ಮಪ್ಪನೇ ಕಲ್ಸಿದ್ದು."

"ಮತ್ತೆ ಇಷ್ಟು ವರ್ಷ ಯಾಕೆ ಹೀಗೆ ಹೊಡೀಲಿಲ್ಲ?"

"ಹೊಡೀಬಹುದಿತ್ತು," ಅಂದಳು, ಕಾಯಿಗಳನ್ನು ಮತ್ತೆ ಜೋಡಿಸುತ್ತ. "ಆಮೇಲೆ ನಿಮಗೇನಿರ್ತಿತ್ತು ಕೆಲಸ?"